ಮನೆಯ ಟಿ.ವಿ.ಯಲ್ಲಿ ವೀಡಿಯೊ ಪಾಠ ನಿಂತಾಗ: ಕಾರಣ ಶೋಧನೆಯ ಕ್ರಮ

ಪೀಠಿಕೆ

2020ರ ಜೂನ್ 1ರಂದು ಕೇರಳದಲ್ಲಿ ಶಾಲೆಯ ಬಾಗಿಲು ತೆರೆಯದೆಯೇ ಹೊಸ ಅಧ್ಯಯನ ವರ್ಷ ಆರಂಭವಾಯಿತು. ‘ಫಸ್ಟ್ ಬೆಲ್’ ಎಂಬ ಹೆಸರಿನಲ್ಲಿ ಕೈಟ್ ವಿಕ್ಟರ್ಸ್ ವಾಹಿನಿಯ ಮೂಲಕ ತರಗತಿಗಳು ಮಕ್ಕಳ ಮನೆಗಳಿಗೆ ಪ್ರಸಾರಗೊಂಡವು. ವಾಹಿನಿಯಲ್ಲಿ ಬರುತ್ತಿದ್ದ ತರಗತಿಗಳು ಮುಖ್ಯವಾಗಿ ಮಲಯಾಳ ಭಾಷೆಯಲ್ಲಿದ್ದವು. ಕನ್ನಡ ಮತ್ತು ತಮಿಳು ಮಾಧ್ಯಮದ ಮಕ್ಕಳಿಗಾಗಿ ಸಿದ್ಧಗೊಂಡ ಪಾಠಗಳು ಹೆಚ್ಚಾಗಿ ಯೂಟ್ಯೂಬ್ ಮೂಲಕ ತಲುಪಿದವು. ಈ ವ್ಯತ್ಯಾಸ ಸಣ್ಣದಲ್ಲ. ಮಲಯಾಳ ಮಾಧ್ಯಮದ ಮಗುವಿನ ಮನೆಯಲ್ಲಿ ಅಂತರ್ಜಾಲ ಇಲ್ಲದಿದ್ದರೂ ಡಿಶ್ ಇಲ್ಲವೇ ಕೇಬಲ್ ಮೂಲಕ ಪಾಠ ಸಿಗುತ್ತಿತ್ತು. ಕನ್ನಡ ಮಾಧ್ಯಮದ ಮಗುವಿಗೆ ಬಹುಮಟ್ಟಿಗೆ ಅಂತರ್ಜಾಲವೇ ದಾರಿಯಾಗಿತ್ತು. ಆ ದಾರಿ ಮುಚ್ಚಿದರೆ ತನ್ನ ಭಾಷೆಯ ಪಾಠವೇ ಮುಚ್ಚಿದಂತೆ.

ಈಗ ಶಾಲೆಗಳು ತೆರೆದಿವೆ. ಆದರೂ ವೀಡಿಯೊ ಪಾಠಗಳ ಬಳಕೆ ನಿಂತಿಲ್ಲ. ಪರೀಕ್ಷೆಗೆ ಮುಂಚಿನ ಪುನರಾವರ್ತನೆ, ಮಳೆಗಾಲದ ರಜೆ, ಕನ್ನಡ ಬಲ್ಲ ಅಧ್ಯಾಪಕರ ಹುದ್ದೆ ಖಾಲಿ ಇರುವ ಅವಧಿ ಮುಂತಾದ ಸಂದರ್ಭಗಳಲ್ಲಿ ಅಧ್ಯಾಪಕರು ಪಾಠದ ಕೊಂಡಿಯನ್ನು ಕಳುಹಿಸಿ ಮನೆಯಲ್ಲಿ ನೋಡಿಕೊಂಡು ಬರಲು ಹೇಳುತ್ತಾರೆ. ಹಲವು ಮನೆಗಳಲ್ಲಿ ಈಗ ಸ್ಮಾರ್ಟ್ ಟಿ.ವಿ. ಇದೆ, ಹಳೆಯ ಟಿ.ವಿ.ಗೆ ಸಿಕ್ಕಿಸುವ ಸ್ಟಿಕ್ ಅಥವಾ ಆಂಡ್ರಾಯ್ಡ್ ಪೆಟ್ಟಿಗೆ ಇದೆ. ಮರುದಿನ ತರಗತಿಯಲ್ಲಿ ಕೇಳಿಬರುವ ಉತ್ತರ ಮಾತ್ರ ಒಂದೇ: “ಟೀಚರ್, ವೀಡಿಯೊ ಬರಲಿಲ್ಲ.”

ಈ ಉತ್ತರವನ್ನು ನೆಪವೆಂದು ತಳ್ಳಿಹಾಕುವುದು ಸುಲಭ. “ನೆಟ್ ಇಲ್ಲದಿದ್ದರೆ ಏನು ಮಾಡುವುದು” ಎಂದು ಕೈಬಿಡುವುದು ಇನ್ನೂ ಸುಲಭ. ಎರಡರಲ್ಲಿಯೂ ಮಗುವಿನ ಪಾಠ ಹೋಗುತ್ತದೆ. “ಬರಲಿಲ್ಲ” ಎಂಬ ಒಂದು ಪದದೊಳಗೆ ಹತ್ತು ಬೇರೆ ಬೇರೆ ಕಾರಣಗಳು ಅಡಗಿರಬಹುದು. ಅವುಗಳಲ್ಲಿ ಹಲವನ್ನು ದುಡ್ಡು ಖರ್ಚಿಲ್ಲದೆ ಮನೆಯಲ್ಲಿಯೇ ಸರಿಪಡಿಸಬಹುದು. ಯಾವ ಕಾರಣ ಎಂಬುದನ್ನು ತಿಳಿಯಲು ಬೇಕಾದುದು ಸರಿಯಾದ ಪ್ರಶ್ನೆ. ಆ ಪ್ರಶ್ನೆಗಳನ್ನು ಕ್ರಮಬದ್ಧವಾಗಿ ಕೇಳುವುದನ್ನು ಅಧ್ಯಾಪಕರು ತಾವು ರೂಢಿಸಿಕೊಳ್ಳುವುದು ಮತ್ತು ಮಕ್ಕಳಿಗೆ ಕಲಿಸುವುದು ಈ ಘಟಕದ ಉದ್ದೇಶ. ಇದನ್ನು 8ರಿಂದ 10ನೆಯ ತರಗತಿಯವರೆಗೆ ಮಾಹಿತಿ ತಂತ್ರಜ್ಞಾನದ ಅವಧಿಯಲ್ಲಿಯೂ ಕನ್ನಡ ಭಾಷಾ ಅವಧಿಯಲ್ಲಿಯೂ ನಿರ್ವಹಿಸಬಹುದು.

ಕಲಿಕಾ ಸಾಧನೆಗಳು

ಈ ಘಟಕದ ಕೊನೆಗೆ ವಿದ್ಯಾರ್ಥಿಯು:

1. ವೀಡಿಯೊ ಪಾಠವು ದೂರದ ಸರ್ವರಿನಿಂದ ಮನೆಯ ತೆರೆಯವರೆಗೆ ತಲುಪುವ ಹಂತಗಳನ್ನು ಕ್ರಮವಾಗಿ ವಿವರಿಸುತ್ತಾನೆ/ಳೆ.
2. ಕಂಡ ಲಕ್ಷಣವನ್ನೂ ಊಹಿಸಿದ ಕಾರಣವನ್ನೂ ಬೇರ್ಪಡಿಸಿ ಕನ್ನಡದಲ್ಲಿ ನಿಖರವಾಗಿ ಹೇಳುತ್ತಾನೆ/ಳೆ.
3. ಒಂದು ಬಾರಿಗೆ ಒಂದನ್ನೇ ಬದಲಾಯಿಸಿ ದೋಷವಿರುವ ಹಂತವನ್ನು ಗುರುತಿಸುತ್ತಾನೆ/ಳೆ.
4. ವೇಗ, ಅವಧಿ ಮತ್ತು ದತ್ತಾಂಶದ ಸಂಬಂಧವನ್ನು ಲೆಕ್ಕಾಚಾರದ ಮೂಲಕ ತೋರಿಸುತ್ತಾನೆ/ಳೆ.

ವಿಷಯ ವಿವರಣೆ

1. ಪಾಠ ಮನೆಗೆ ತಲುಪುವ ಬಗೆ

ಉಪಗ್ರಹ ವಾಹಿನಿಯ ಪ್ರಸಾರ ಮಳೆಯಂತೆ ಎಲ್ಲ ಮನೆಗಳ ಮೇಲೆ ಒಂದೇ ಸಲ ಸುರಿಯುತ್ತದೆ. ನೋಡುವವರು ಹತ್ತು ಮಂದಿಯಾದರೂ ಹತ್ತು ಲಕ್ಷ ಮಂದಿಯಾದರೂ ಪ್ರಸಾರ ಒಂದೇ. ಸ್ಟ್ರೀಮಿಂಗ್ ಹಾಗಲ್ಲ. ಪ್ರತಿಯೊಂದು ಮನೆಯ ಸಾಧನವೂ ತನಗೆ ಬೇಕಾದುದನ್ನು ತಾನೇ ಕೇಳಿ ತರಿಸಿಕೊಳ್ಳಬೇಕು. ಸರ್ವರಿನಲ್ಲಿ ವೀಡಿಯೊ ಕೆಲವೇ ಸೆಕೆಂಡುಗಳ ಸಣ್ಣ ತುಣುಕುಗಳಾಗಿ ಇರುತ್ತದೆ. ಒಂದೇ ಪಾಠದ ತುಣುಕುಗಳು ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿರುತ್ತವೆ. ಮನೆಯ ಸಾಧನವು ಒಂದೊಂದೇ ತುಣುಕನ್ನು ಕೇಳಿ ಪಡೆದು, ಬಿಚ್ಚಿ, ಜೋಡಿಸಿ ತೆರೆಯ ಮೇಲೆ ತೋರಿಸುತ್ತದೆ. ದಾರಿಯಲ್ಲಿ ವೇಗ ಕಡಿಮೆಯಾದರೆ ಮುಂದಿನ ತುಣುಕನ್ನು ಕಡಿಮೆ ಗುಣಮಟ್ಟದಲ್ಲಿ ಕೇಳುತ್ತದೆ. ವೇಗ ಹೆಚ್ಚಿದರೆ ಮತ್ತೆ ಮೇಲಿನ ಗುಣಮಟ್ಟಕ್ಕೆ ಹೋಗುತ್ತದೆ. ಪಾಠದ ನಡುವೆ ಕರಿಹಲಗೆಯ ಅಕ್ಷರಗಳು ಕೆಲಕಾಲ ಮಸುಕಾಗಿ ಮತ್ತೆ ಸ್ಪಷ್ಟವಾಗುವುದು ಇದರಿಂದಲೇ. ಅದು ದೋಷವಲ್ಲ, ಪಾಠ ನಿಲ್ಲದಂತೆ ಸಾಧನ ಮಾಡಿಕೊಂಡ ಹೊಂದಾಣಿಕೆ.

ತುಣುಕುಗಳು ಬಂದ ಕೂಡಲೇ ತೆರೆಗೆ ಹೋಗುವುದಿಲ್ಲ. ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಮುಂದಿನ ಕೆಲವು ಸೆಕೆಂಡುಗಳ ಪಾಠ ಕಾದಿರುತ್ತದೆ. ಇದನ್ನು ಮಕ್ಕಳಿಗೆ ವಿವರಿಸಲು ಕಾಸರಗೋಡಿನ ಗುಡ್ಡಗಳ ಸುರಂಗಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. ಸುರಂಗದ ನೀರು ಸಣ್ಣಗೆ ಹರಿದು ಬರುತ್ತದೆ. ಅದು ನೇರವಾಗಿ ತೋಟಕ್ಕೆ ಹೋಗುವುದಿಲ್ಲ. ಮೊದಲು ತೊಟ್ಟಿಯಲ್ಲಿ ತುಂಬಿಕೊಳ್ಳುತ್ತದೆ. ತೊಟ್ಟಿಯಲ್ಲಿ ನೀರಿರುವವರೆಗೆ ಸುರಂಗದ ಹರಿವು ಸ್ವಲ್ಪ ಹೊತ್ತು ಕುಂದಿದರೂ ತೋಟಕ್ಕೆ ತಿಳಿಯುವುದಿಲ್ಲ. ಬರುವುದಕ್ಕಿಂತ ಹೋಗುವುದು ಹೆಚ್ಚಾಗಿ ತೊಟ್ಟಿ ಬರಿದಾದಾಗ ಮಾತ್ರ ನೀರು ನಿಲ್ಲುತ್ತದೆ. ತೆರೆಯ ಮೇಲೆ ತಿರುಗುವ ವೃತ್ತ ಹೇಳುವುದು ಇಷ್ಟನ್ನೇ: ತೊಟ್ಟಿ ಬರಿದಾಗಿದೆ, ತುಂಬುವವರೆಗೆ ಕಾಯಬೇಕು.

ಹೀಗೆ ಪಾಠ ಸಾಗುವ ದಾರಿಯನ್ನು ಐದು ಹಂತಗಳಾಗಿ ಕರಿಹಲಗೆಯ ಮೇಲೆ ಬರೆಯಬಹುದು:

ಸರ್ವರ್ → ಸೇವಾದಾರರ ಕೇಬಲ್ ಅಥವಾ ಮೊಬೈಲ್ ಗೋಪುರ → ಮನೆಯ ಮೋಡೆಮ್, ವೈಫೈ ಅಥವಾ ಹಾಟ್‌ಸ್ಪಾಟ್ → ಸ್ಟಿಕ್, ಪೆಟ್ಟಿಗೆ ಅಥವಾ ಸ್ಮಾರ್ಟ್ ಟಿ.ವಿ.ಯ ಒಳಭಾಗ → ತೆರೆ ಮತ್ತು ಧ್ವನಿ

ದೋಷ ಯಾವಾಗಲೂ ಇವುಗಳಲ್ಲಿ ಒಂದು ಹಂತದಲ್ಲಿ ಅಥವಾ ಎರಡು ಹಂತಗಳ ಸಂದಿಯಲ್ಲಿ ಇರುತ್ತದೆ. ಅದು ಎಲ್ಲಿದೆ ಎಂದು ತಿಳಿಯುವುದೇ ಅರ್ಧ ಪರಿಹಾರ.

2. ಲಕ್ಷಣದಿಂದ ಕಾರಣದ ಕಡೆಗೆ

ವೈದ್ಯರು ಜ್ವರ ಎಂಬ ಒಂದೇ ಮಾತಿಗೆ ಔಷಧ ಕೊಡುವುದಿಲ್ಲ. ಯಾವಾಗ ಬಂತು, ಚಳಿ ಇದೆಯೇ, ಕೆಮ್ಮು ಇದೆಯೇ ಎಂದು ಕೇಳುತ್ತಾರೆ. ಇಲ್ಲಿಯೂ ಮೊದಲು ಲಕ್ಷಣವನ್ನು ಬೇರ್ಪಡಿಸಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳು ಐದು.

ಅ) ವೃತ್ತ ತಿರುಗುತ್ತಾ ಪಾಠ ನಿಲ್ಲುವುದು. ಇದು ದಾರಿಯ ತೊಡಕು. ಅದೇ ಟಿ.ವಿ.ಯಲ್ಲಿ ಬೇರೊಂದು ವೀಡಿಯೊ ಚೆನ್ನಾಗಿ ಓಡಿದರೆ ಮನೆಯ ಸಂಪರ್ಕದಲ್ಲಿ ದೊಡ್ಡ ತೊಂದರೆಯಿಲ್ಲ; ಆ ಪಾಠದ ಗುಣಮಟ್ಟವನ್ನು ಕೆಳಗಿಳಿಸಿ ನೋಡಬೇಕು. ಯಾವ ವೀಡಿಯೊವೂ ಓಡದಿದ್ದರೆ ವೈಫೈಯನ್ನು ಪರೀಕ್ಷಿಸಬೇಕು. ವೈಫೈ ಸಾಮಾನ್ಯವಾಗಿ ಎರಡು ತರಂಗ ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿ ದೂರ ಹೋಗುತ್ತದೆ, ಗೋಡೆಗಳನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ. ಆದರೆ ಅಲ್ಲಿ ದಟ್ಟಣೆ ಹೆಚ್ಚು, ಬ್ಲೂಟೂತ್ ಮತ್ತು ಮೈಕ್ರೋವೇವ್ ಒಲೆಗಳೂ ಅದೇ ಪಟ್ಟಿಯನ್ನು ಬಳಸುತ್ತವೆ. 5 ಗಿಗಾಹರ್ಟ್ಸ್ ಪಟ್ಟಿಗೆ ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ದಪ್ಪನೆಯ ಮುರಕಲ್ಲಿನ ಗೋಡೆಗಳಿರುವ ಮನೆಯಲ್ಲಿ ಮೋಡೆಮ್ ಚಾವಡಿಯಲ್ಲಿದ್ದು ಟಿ.ವಿ. ಒಳಕೋಣೆಯಲ್ಲಿದ್ದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮೋಡೆಮನ್ನು ಕಪಾಟಿನೊಳಗಿಂದ ತೆಗೆದು ಎತ್ತರದಲ್ಲಿ ಬಯಲಾಗಿ ಇಡುವುದರಿಂದಲೇ ಹಲವು ಬಾರಿ ಪಾಠ ಸರಾಗವಾಗುತ್ತದೆ.

ಆ) ಚಿತ್ರ ತಡೆದು ತಡೆದು ಬರುವುದು, ಧ್ವನಿ ಮಾತ್ರ ಸರಾಗವಾಗಿರುವುದು. ವೃತ್ತ ತಿರುಗುವುದಿಲ್ಲ, ಅಂದರೆ ತುಣುಕುಗಳು ಬರುತ್ತಿವೆ. ಅವುಗಳನ್ನು ಬಿಚ್ಚುವ ಕೆಲಸ ಸಾಧನಕ್ಕೆ ಭಾರವಾಗುತ್ತಿದೆ. ವೀಡಿಯೊವನ್ನು ಕುಗ್ಗಿಸಿ ಕಟ್ಟುವ ವಿಧಾನಗಳಿಗೆ ಕೋಡೆಕ್ ಎಂದು ಹೆಸರು. 2003ರ ಎಚ್.264 ವಿಧಾನವನ್ನು ಬಹುತೇಕ ಎಲ್ಲ ಸಾಧನಗಳೂ ಬಿಚ್ಚಬಲ್ಲವು. 2013ರ ಎಚ್.265 ಮತ್ತು ವಿಪಿ9, 2018ರ ಎವಿ1 ಹೊಸ ವಿಧಾನಗಳು. ಅದೇ ಚಿತ್ರವನ್ನು ಅವು ಕಡಿಮೆ ದತ್ತಾಂಶದಲ್ಲಿ ಕಳುಹಿಸುತ್ತವೆ, ಆದರೆ ಬಿಚ್ಚಲು ಹೆಚ್ಚು ಶ್ರಮ ಬೇಕು. ಅದಕ್ಕೆಂದೇ ಇರುವ ಭಾಗ ಹಳೆಯ ಪೆಟ್ಟಿಗೆಯೊಳಗೆ ಇಲ್ಲದಿದ್ದರೆ ಚಿತ್ರಗಳು ಉದುರಿಹೋಗುತ್ತವೆ. ಗುಣಮಟ್ಟವನ್ನು ಇಳಿಸಬೇಕು, ತೆರೆದಿರುವ ಇತರ ಆ್ಯಪ್‌ಗಳನ್ನು ಮುಚ್ಚಬೇಕು, ಸಾಧನ ಬಿಸಿಯಾಗಿದ್ದರೆ ತಣಿಯಲು ಬಿಡಬೇಕು. ಇಲ್ಲಿ ಅಂತರ್ಜಾಲದ ಪ್ಯಾಕ್ ಹೆಚ್ಚಿಸುವುದು ವ್ಯರ್ಥ ಖರ್ಚು.

ಇ) ಸಾಧನ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುವುದು. ಇದಕ್ಕೆ ಅಂತರ್ಜಾಲ ಕಾರಣವಾಗುವುದು ಅಪರೂಪ. ಮೊದಲು ನೋಡಬೇಕಾದುದು ವಿದ್ಯುತ್ತನ್ನು. ಹಲವು ಮನೆಗಳಲ್ಲಿ ಸ್ಟಿಕ್‌ನ ವಿದ್ಯುತ್ ತಂತಿಯನ್ನು ಟಿ.ವಿ.ಯ ಹಿಂಬದಿಯ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸಿರುತ್ತಾರೆ. ಯು.ಎಸ್.ಬಿ. 2.0 ಕಿಂಡಿಯಿಂದ ಸಿಗುವುದು ಸಾಮಾನ್ಯವಾಗಿ 500 ಮಿಲಿ ಆಂಪಿಯರ್. ಸ್ಟಿಕ್‌ನೊಂದಿಗೆ ಬರುವ ಅಡಾಪ್ಟರ್ ಸಾಮಾನ್ಯವಾಗಿ 1 ಆಂಪಿಯರ್ ಅಥವಾ ಹೆಚ್ಚು ಕೊಡುತ್ತದೆ. ಮುಖಪುಟ ತೋರಿಸುವಷ್ಟು ಶಕ್ತಿ ಇದ್ದು ವೀಡಿಯೊ ಓಡಿಸುವಾಗ ಸಾಲದಾಗುತ್ತದೆ. ಅಡಾಪ್ಟರನ್ನು ಗೋಡೆಯ ಸಾಕೆಟ್ಟಿಗೆ ಹಾಕಿದರೆ ಹೆಚ್ಚಿನ ಸಂದರ್ಭಗಳಲ್ಲಿ ತೊಡಕು ಮುಗಿಯುತ್ತದೆ.

ಈ) ತೆರೆ ಪೂರ್ತಿ ಕಪ್ಪಾಗಿರುವುದು ಅಥವಾ ‘ಸಿಗ್ನಲ್ ಇಲ್ಲ’ ಎಂಬ ಸೂಚನೆ ಬರುವುದು. ರಿಮೋಟಿನಿಂದ ಸರಿಯಾದ ಎಚ್.ಡಿ.ಎಂ.ಐ. ಕಿಂಡಿಯನ್ನು ಆರಿಸಲಾಗಿದೆಯೇ ಎಂಬುದು ಮೊದಲ ಪ್ರಶ್ನೆ. ಆ ಬಳಿಕ ಸ್ಟಿಕ್ಕನ್ನು ತೆಗೆದು ಮತ್ತೆ ಸರಿಯಾಗಿ ಕೂರಿಸಬೇಕು, ಟಿ.ವಿ.ಯಲ್ಲಿ ಇನ್ನೊಂದು ಕಿಂಡಿ ಇದ್ದರೆ ಅದಕ್ಕೆ ಹಾಕಿ ನೋಡಬೇಕು.

ಉ) ಆ್ಯಪ್ ತೆರೆಯದಿರುವುದು ಅಥವಾ ಸಂಪರ್ಕ ಸುರಕ್ಷಿತವಲ್ಲ ಎಂಬ ಸಂದೇಶ ಬರುವುದು. ದಿನಾಂಕ ಮತ್ತು ಸಮಯವನ್ನು ನೋಡಬೇಕು. ಸರ್ವರು ತನ್ನ ಗುರುತಿಗಾಗಿ ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಸಿಡಿಲಿನ ಭಯಕ್ಕೆ ಪ್ಲಗ್ ಕಿತ್ತಿಟ್ಟು ಮರುದಿನ ಹಾಕಿದ ಪೆಟ್ಟಿಗೆಯ ಗಡಿಯಾರ ಹಳೆಯ ವರ್ಷಕ್ಕೆ ಹೋಗಿ ನಿಂತಿದ್ದರೆ, ಪ್ರಮಾಣಪತ್ರದ ಕಾಲ ಇನ್ನೂ ಆರಂಭವಾಗಿಲ್ಲವೆಂದು ಅದು ಭಾವಿಸಿ ಸಂಪರ್ಕವನ್ನು ನಿರಾಕರಿಸುತ್ತದೆ. ಸಮಯವನ್ನು ಅಂತರ್ಜಾಲದಿಂದ ತಾನಾಗಿ ಪಡೆಯುವಂತೆ ಹೊಂದಿಸಿದರೆ ಸಾಕು. ಸಮಯ ಸರಿಯಿದ್ದರೆ ಆ್ಯಪ್‌ನ ನವೀಕರಣ ಬಾಕಿಯಿದೆಯೇ, ಸಾಧನದ ಸಂಗ್ರಹ ತುಂಬಿದೆಯೇ ಎಂದು ನೋಡಬೇಕು.

3. ಒಂದು ಬಾರಿಗೆ ಒಂದೇ ಬದಲಾವಣೆ

ಪಾಠ ನಿಂತಾಗ ಮನೆಯವರು ಗಾಬರಿಯಿಂದ ಎಲ್ಲವನ್ನೂ ಒಟ್ಟಿಗೆ ಮಾಡುತ್ತಾರೆ: ಮೋಡೆಮ್ ಆರಿಸುತ್ತಾರೆ, ಆ್ಯಪ್ ಅಳಿಸುತ್ತಾರೆ, ತಂತಿ ಬದಲಿಸುತ್ತಾರೆ. ಅದೃಷ್ಟವಶಾತ್ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂಬುದು ತಿಳಿಯುವುದಿಲ್ಲ. ಮರುವಾರ ಅದೇ ತೊಡಕು ಬಂದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕು. ವಿಜ್ಞಾನದ ತರಗತಿಯಲ್ಲಿ ಒಂದು ಚರವನ್ನು ಬದಲಿಸಿ ಉಳಿದವನ್ನು ಸ್ಥಿರವಾಗಿ ಇಡಲು ಮಕ್ಕಳು ಕಲಿತಿರುತ್ತಾರೆ. ಅದೇ ನಿಯಮ ಇಲ್ಲಿಯೂ ಸಲ್ಲುತ್ತದೆ. ಕೆಳಗಿನ ನಾಲ್ಕು ಪ್ರಶ್ನೆಗಳು ಆ ಕ್ರಮದಲ್ಲಿವೆ.

ಒಂದು: ಬೇರೆ ವೀಡಿಯೊ ಓಡುತ್ತದೆಯೇ? ಓಡಿದರೆ ತೊಡಕು ಆ ಒಂದು ಪಾಠಕ್ಕೆ ಸೀಮಿತ.
ಎರಡು: ಅದೇ ವೈಫೈಯಲ್ಲಿ ಮೊಬೈಲಿನಲ್ಲಿ ಅದೇ ಪಾಠ ಓಡುತ್ತದೆಯೇ? ಓಡಿದರೆ ಸೇವಾದಾರರ ಮೇಲೆ ಸಂಶಯ ಬೇಡ, ಟಿ.ವಿ.ಗೆ ವೈಫೈ ತಲುಪುವಲ್ಲಿ ಅಥವಾ ಟಿ.ವಿ.ಯ ಒಳಗೆ ತೊಡಕಿದೆ.
ಮೂರು: ಟಿ.ವಿ.ಯನ್ನು ಬೇರೆ ಸಂಪರ್ಕಕ್ಕೆ, ಉದಾಹರಣೆಗೆ ಮೊಬೈಲಿನ ಹಾಟ್‌ಸ್ಪಾಟಿಗೆ, ಜೋಡಿಸಿದರೆ ಓಡುತ್ತದೆಯೇ? ಓಡಿದರೆ ಟಿ.ವಿ. ಸರಿಯಿದೆ, ಮನೆಯ ವೈಫೈಯನ್ನು ನೋಡಬೇಕು.
ನಾಲ್ಕು: ಮೋಡೆಮಿನ ದೀಪಗಳು ಏನು ಹೇಳುತ್ತವೆ? ಫೈಬರ್ ಸಂಪರ್ಕದ ಮೋಡೆಮಿನಲ್ಲಿ ಎಲ್.ಓ.ಎಸ್. ಎಂದು ಬರೆದಿರುವ ದೀಪ ಕೆಂಪಾಗಿ ಮಿನುಗಿದರೆ ಹೊರಗಿನ ಬೆಳಕು ಒಳಗೆ ಬರುತ್ತಿಲ್ಲವೆಂದರ್ಥ. ಮಳೆಗಾಲದಲ್ಲಿ ಮರದ ಕೊಂಬೆಯೋ ಅಡಿಕೆ ಮರವೋ ಬಿದ್ದು ಕೇಬಲ್ ತುಂಡಾಗಿರುವ ಸಾಧ್ಯತೆ ಹೆಚ್ಚು. ಮನೆಯೊಳಗೆ ಏನು ಮಾಡಿದರೂ ಪ್ರಯೋಜನವಿಲ್ಲ, ದೂರು ದಾಖಲಿಸಬೇಕು.

ಹೊರಗಿನ ಕೇಬಲ್ ಸರಿಯಿದ್ದರೆ, ಈ ಪ್ರಶ್ನೆಗಳ ಬಳಿಕ ಮೋಡೆಮ್ ಮತ್ತು ಟಿ.ವಿ.ಗಳನ್ನು ಆರಿಸಿ ಅರ್ಧ ನಿಮಿಷ ಬಿಟ್ಟು ಮತ್ತೆ ಹೊತ್ತಿಸಬಹುದು. ಎಲ್ಲವನ್ನೂ ಅಳಿಸಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುವ ‘ಫ್ಯಾಕ್ಟರಿ ರೀಸೆಟ್’ ಮಾತ್ರ ಕಟ್ಟಕಡೆಯ ಉಪಾಯ. ಅದು ಏಕೆ ಕಟ್ಟಕಡೆಗೆ ಇರಬೇಕು ಎಂಬುದಕ್ಕೆ ಇತ್ತೀಚಿನ ಒಂದು ನಿದರ್ಶನವಿದೆ.

ನಿದರ್ಶನ: 2025ರ ಮಾರ್ಚ್ 9ರಂದು ಜಗತ್ತಿನ ಹಲವು ದೇಶಗಳಲ್ಲಿ ಗೂಗಲ್ ಸಂಸ್ಥೆಯ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್ ಸಾಧನಗಳು ಒಮ್ಮೆಲೇ ಕೆಲಸ ನಿಲ್ಲಿಸಿದವು. ಸಾಧನವನ್ನು ನಂಬಲಾಗದು ಎಂಬ ಅರ್ಥದ ಸಂದೇಶ ಮೊಬೈಲಿನಲ್ಲಿ ಬಂತು. ಟಿ.ವಿ. ಸರಿಯಿತ್ತು, ವೈಫೈ ಸರಿಯಿತ್ತು, ಬಳಸುವವರು ಯಾವ ತಪ್ಪನ್ನೂ ಮಾಡಿರಲಿಲ್ಲ. 2015ರಲ್ಲಿ ಮಾರುಕಟ್ಟೆಗೆ ಬಂದ ಆ ಸಾಧನಗಳ ಗುರುತಿಗೆ ಆಧಾರವಾಗಿದ್ದ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಫ್ಯಾಕ್ಟರಿ ರೀಸೆಟ್ ಮಾಡಬಾರದೆಂದು ಸಂಸ್ಥೆ ಸೂಚಿಸಿತು. ಕೆಲವೇ ದಿನಗಳಲ್ಲಿ ಪರಿಹಾರದ ನವೀಕರಣವನ್ನು ಕಳುಹಿಸತೊಡಗಿತು. ಸುಮ್ಮನೆ ಕಾದವರ ಸಾಧನಗಳು ಸುಲಭವಾಗಿ ಸರಿಯಾದವು. ಅವಸರದಿಂದ ಎಲ್ಲವನ್ನೂ ಅಳಿಸಿದವರು ಸಾಧನವನ್ನು ಮತ್ತೆ ಜೋಡಿಸಲು ಹೆಚ್ಚು ಕಷ್ಟಪಡಬೇಕಾಯಿತು. ಲಕ್ಷಣ ಹಲವು ಮನೆಗಳಲ್ಲಿ ಒಂದೇ ಹೊತ್ತಿಗೆ ಕಂಡರೆ ಕಾರಣ ಮನೆಯೊಳಗಿಲ್ಲ ಎಂಬ ಪಾಠವನ್ನು ಮಕ್ಕಳು ಈ ನಿದರ್ಶನದಿಂದ ತಾವೇ ಹೇಳುವಂತೆ ಚರ್ಚೆಯನ್ನು ನಡೆಸಬೇಕು.

4. ವೇಗ ಮತ್ತು ದತ್ತಾಂಶದ ಲೆಕ್ಕ

ಅಂತರ್ಜಾಲದ ವೇಗವನ್ನು ಬಿಟ್‌ಗಳಲ್ಲಿಯೂ ಖರ್ಚಾದ ದತ್ತಾಂಶವನ್ನು ಬೈಟ್‌ಗಳಲ್ಲಿಯೂ ಹೇಳುತ್ತಾರೆ. 8 ಬಿಟ್ ಸೇರಿ 1 ಬೈಟ್. ಈ ಭೇದ ತಿಳಿಯದಿದ್ದರೆ ಲೆಕ್ಕ ಎಂಟು ಪಟ್ಟು ತಪ್ಪುತ್ತದೆ. ಯೂಟ್ಯೂಬ್ ಸೂಚಿಸುವ ಸಂಪರ್ಕ ವೇಗಗಳು ಸುಮಾರು ಹೀಗಿವೆ: 360ಪಿ ಗುಣಮಟ್ಟಕ್ಕೆ ಸೆಕೆಂಡಿಗೆ 0.7 ಮೆಗಾಬಿಟ್, 480ಪಿ ಗುಣಮಟ್ಟಕ್ಕೆ 1.1, 720ಪಿ ಗುಣಮಟ್ಟಕ್ಕೆ 2.5, 1080ಪಿ ಗುಣಮಟ್ಟಕ್ಕೆ 5 ಮೆಗಾಬಿಟ್.

30 ನಿಮಿಷಗಳ ಪಾಠವೆಂದರೆ 1800 ಸೆಕೆಂಡು. 480ಪಿ ಗುಣಮಟ್ಟದಲ್ಲಿ 1.1 × 1800 ÷ 8 = 247.5, ಅಂದರೆ ಸುಮಾರು 250 ಮೆಗಾಬೈಟ್. 1080ಪಿ ಗುಣಮಟ್ಟದಲ್ಲಿ 5 × 1800 ÷ 8 = 1125 ಮೆಗಾಬೈಟ್. ಇವು ಸೂಚಿತ ವೇಗವನ್ನು ಪೂರ್ತಿ ಬಳಸಿದರೆ ಬರುವ ಅಂದಾಜುಗಳು. ಚಲನೆ ಕಡಿಮೆಯಿರುವ ಪಾಠಗಳಲ್ಲಿ ನಿಜವಾದ ಖರ್ಚು ಸಾಮಾನ್ಯವಾಗಿ ಕಡಿಮೆ.

ದಿನಕ್ಕೆ 1.5 ಗಿಗಾಬೈಟ್ ಸಿಗುವ ಮೊಬೈಲ್ ಪ್ಯಾಕಿನಿಂದ ಟಿ.ವಿ.ಗೆ ಹಾಟ್‌ಸ್ಪಾಟ್ ಕೊಟ್ಟ ಮನೆಯನ್ನು ಊಹಿಸಿಕೊಳ್ಳಲು ಹೇಳಬೇಕು. 1080ಪಿ ಗುಣಮಟ್ಟದಲ್ಲಿ ಒಂದು ಪಾಠ ಮುಗಿದಾಗ 375 ಮೆಗಾಬೈಟ್ ಉಳಿಯುತ್ತದೆ. ಎರಡನೆಯ ಪಾಠದ 10ನೆಯ ನಿಮಿಷಕ್ಕೆ ಅದೂ ಮುಗಿಯುತ್ತದೆ. 480ಪಿ ಗುಣಮಟ್ಟದಲ್ಲಾದರೆ ಅದೇ ಪ್ಯಾಕಿನಲ್ಲಿ ಆರು ಪಾಠಗಳನ್ನು ನೋಡಬಹುದು. ದೈನಂದಿನ ಮಿತಿ ಮುಗಿದ ಬಳಿಕ ಹಲವು ಪ್ಯಾಕ್‌ಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಸೆಕೆಂಡಿಗೆ 1100 ಕಿಲೋಬಿಟ್ ಬೇಕಾದಲ್ಲಿ 64 ಸಿಕ್ಕಿದರೆ, ಅರ್ಧ ಗಂಟೆಯ ಪಾಠ ಪೂರ್ತಿ ಬರಲು ಸುಮಾರು ಎಂಟೂವರೆ ಗಂಟೆ ಬೇಕು. ಮೊಬೈಲಿನ ಮೇಲ್ಭಾಗದಲ್ಲಿ 4ಜಿ ಅಥವಾ 5ಜಿ ಎಂಬ ಗುರುತು ಆಗಲೂ ಹಾಗೆಯೇ ಕಾಣುತ್ತಿರುತ್ತದೆ. “ನೆಟ್ ಇದೆ, ಆದರೆ ವೀಡಿಯೊ ಬರುವುದಿಲ್ಲ” ಎಂದು ಮಗು ಹೇಳಿದರೆ ಅದು ಸುಳ್ಳಲ್ಲ. ಹೆಚ್ಚಿನಂಶ ಆ ದಿನದ ಪ್ಯಾಕ್ ಮುಗಿದಿರುತ್ತದೆ.

5. ತೊಡಕನ್ನು ಹೇಳುವ ಭಾಷೆ

ಸಾಧನಗಳ ಸಂದೇಶಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ದೂರು ಸ್ವೀಕರಿಸುವವರು ಮಲಯಾಳದಲ್ಲಿ ಮಾತನಾಡುತ್ತಾರೆ. ಮನೆಮಾತು ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಅಥವಾ ಬ್ಯಾರಿಯಾಗಿರಬಹುದು. ಇಷ್ಟೆಲ್ಲ ಭಾಷೆಗಳ ನಡುವೆ ಮಗು ಕೊನೆಗೆ “ಬರಲಿಲ್ಲ” ಎಂಬ ಒಂದೇ ಪದಕ್ಕೆ ಬಂದು ನಿಲ್ಲುವುದು ಸಹಜ. ಆದ್ದರಿಂದ ಕಂಡದ್ದನ್ನು ಕಂಡಂತೆ ಹೇಳುವ ಅಭ್ಯಾಸ ಈ ಘಟಕದ ಭಾಷಾ ಚಟುವಟಿಕೆಯೂ ಹೌದು. ನಿಂತಿತು, ತಡೆಯಿತು, ಮಸುಕಾಯಿತು, ಆರಿತು, ತೆರೆಯಲೇ ಇಲ್ಲ ಎಂಬ ಐದು ಕ್ರಿಯಾಪದಗಳು ಐದು ಬೇರೆ ಸಂಗತಿಗಳನ್ನು ಹೇಳುತ್ತವೆ. ತೆರೆಯ ಮೇಲಿನ ಸಂದೇಶವನ್ನು ಅನುವಾದಿಸುವ ಗೊಡವೆ ಬೇಡ. ಅಕ್ಷರಗಳನ್ನೂ ಅಂಕೆಗಳನ್ನೂ ಇದ್ದ ಹಾಗೆಯೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ಮಾದರಿ ಸಂಭಾಷಣೆ (ತರಗತಿಯಲ್ಲಿ ಅಭಿನಯಿಸಲು)

ವಿದ್ಯಾರ್ಥಿನಿ: ಟೀಚರ್, ನಿನ್ನೆ ಗಣಿತದ ವೀಡಿಯೊ ಬರಲಿಲ್ಲ.
ಅಧ್ಯಾಪಿಕೆ: ಬರಲೇ ಇಲ್ಲವೋ, ಬಂದು ನಿಂತಿತೋ?
ವಿದ್ಯಾರ್ಥಿನಿ: ಸ್ವಲ್ಪ ಹೊತ್ತು ಬಂತು ಟೀಚರ್. ಮತ್ತೆ ಉರುಟಾಗಿ ತಿರುಗಲಿಕ್ಕೆ ಶುರುವಾಯಿತು.
ಅಧ್ಯಾಪಿಕೆ: ಟಿ.ವಿ.ಗೆ ನೆಟ್ ಎಲ್ಲಿಂದ ಕೊಟ್ಟಿದ್ದೀರಿ?
ವಿದ್ಯಾರ್ಥಿನಿ: ಅಪ್ಪನ ಮೊಬೈಲಿನಿಂದ.
ಅಧ್ಯಾಪಿಕೆ: ನಿಂತಾಗ ಅಪ್ಪ ಎಲ್ಲಿದ್ದರು?
ವಿದ್ಯಾರ್ಥಿನಿ: ದನಕ್ಕೆ ಹುಲ್ಲು ಹಾಕಲಿಕ್ಕೆ ಹಟ್ಟಿಗೆ ಹೋಗಿದ್ದರು. ಮೊಬೈಲ್ ಕಿಸೆಯಲ್ಲಿತ್ತು.
ಅಧ್ಯಾಪಿಕೆ: ಅವರು ವಾಪಸ್ ಬಂದ ಮೇಲೆ?
ವಿದ್ಯಾರ್ಥಿನಿ: ಮತ್ತೆ ನೋಡಲಿಲ್ಲ ಟೀಚರ್. ಕೆಟ್ಟಿತು ಅಂತ ಟಿ.ವಿ. ಆರಿಸಿದೆವು.
ಅಧ್ಯಾಪಿಕೆ: ಕೆಟ್ಟಿಲ್ಲ. ಇವತ್ತು ಮೊಬೈಲನ್ನು ಟಿ.ವಿ.ಯ ಹತ್ತಿರವೇ ಇಡಲಿಕ್ಕೆ ಅಪ್ಪನಿಗೆ ಹೇಳು. ಅರ್ಧ ಗಂಟೆ ಸಾಕು. ನಾಳೆ ನನಗೆ ತಿಳಿಸು.

ಇಲ್ಲಿ ಅಧ್ಯಾಪಿಕೆ ಕೇಳಿದ ಪ್ರಶ್ನೆಗಳು ನಾಲ್ಕೇ. ತಾಂತ್ರಿಕ ಪದ ಒಂದೂ ಇಲ್ಲ, ಗದರಿಕೆಯೂ ಇಲ್ಲ. ಆದರೆ ತೊಡಕು ಎಲ್ಲಿದೆ ಎಂಬುದು ಸ್ಪಷ್ಟವಾಯಿತು. ಮನೆಯಲ್ಲಿ ಇರುವುದು ಒಂದೇ ಮೊಬೈಲ್, ಅದು ದುಡಿಯುವವರ ಜೇಬಿನಲ್ಲಿ ಹೊರಗೆ ಹೋಗುತ್ತದೆ ಎಂಬ ಸಂಗತಿಯೂ ಅಧ್ಯಾಪಿಕೆಗೆ ತಿಳಿಯಿತು. ಪಾಠ ನೋಡಲು ಯಾವ ಹೊತ್ತನ್ನು ಸೂಚಿಸಬೇಕು ಎಂಬುದನ್ನು ಅದರಿಂದ ನಿರ್ಧರಿಸಬಹುದು.

ತರಗತಿ ಚಟುವಟಿಕೆಗಳು

ಚಟುವಟಿಕೆ 1: ಮಕ್ಕಳು ಗುಂಪುಗಳಲ್ಲಿ ತಮ್ಮ ತಮ್ಮ ಮನೆಯ ನಕ್ಷೆ ಬಿಡಿಸಿ ಮೋಡೆಮ್ ಅಥವಾ ಮೊಬೈಲ್ ಇಡುವ ಸ್ಥಳ, ಟಿ.ವಿ., ನಡುವಿನ ಗೋಡೆಗಳನ್ನು ಗುರುತಿಸಲಿ. ಸಂಪರ್ಕ ಎಲ್ಲಿ ದುರ್ಬಲವಾಗಬಹುದು ಎಂದು ಊಹಿಸಿ, ಮನೆಯಲ್ಲಿ ಪರೀಕ್ಷಿಸಿ, ಊಹೆ ಸರಿಯಾಯಿತೇ ಎಂದು ಬರೆದು ತರಲಿ. ಟಿ.ವಿ. ಇಲ್ಲದ ಮನೆಯ ಮಕ್ಕಳು ಶಾಲೆಯ ಪ್ರಯೋಗಾಲಯದ ನಕ್ಷೆಯನ್ನು ಬಿಡಿಸಲಿ. ಯಾರ ಮನೆಯಲ್ಲಿ ಏನಿಲ್ಲ ಎಂಬುದು ತರಗತಿಯಲ್ಲಿ ಚರ್ಚೆಯ ವಿಷಯವಾಗಬಾರದು.

ಚಟುವಟಿಕೆ 2: ಶಾಲೆಯ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬ್ ಪಾಠವೊಂದನ್ನು ಹಾಕಿ, ವೀಡಿಯೊದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಎಂಬುದನ್ನು ಆರಿಸಬೇಕು. ಸಂಪರ್ಕದ ವೇಗ, ಬಫರಿನಲ್ಲಿರುವ ಸೆಕೆಂಡುಗಳು, ಉದುರಿದ ಚಿತ್ರಗಳ ಸಂಖ್ಯೆ ತೆರೆಯ ಮೇಲೆ ಕಾಣುತ್ತವೆ. ಕೆಲಕಾಲ ಸಂಪರ್ಕವನ್ನು ಕಡಿದು, ತೊಟ್ಟಿ ಬರಿದಾಗುವವರೆಗೆ ಪಾಠ ಓಡುವುದನ್ನು ಮಕ್ಕಳು ಗಡಿಯಾರ ಹಿಡಿದು ಅಳೆಯಲಿ.

ಚಟುವಟಿಕೆ 3: ಮೇಲಿನ ಸಂಭಾಷಣೆಯ ಮಾದರಿಯಲ್ಲಿ ಸ್ಟಿಕ್ ತಾನಾಗಿ ಆರುವ, ಚಿತ್ರ ತಡೆಯುವ, ಆ್ಯಪ್ ತೆರೆಯದ ಸಂದರ್ಭಗಳಿಗೆ ಹೊಸ ಸಂಭಾಷಣೆಗಳನ್ನು ರಚಿಸಿ ಅಭಿನಯಿಸಲಿ.

ಅಧ್ಯಾಪಕರ ಗಮನಕ್ಕೆ

ಮಕ್ಕಳು ಟಿ.ವಿ., ಮೋಡೆಮ್ ಅಥವಾ ಅಡಾಪ್ಟರನ್ನು ಬಿಚ್ಚಬಾರದು. ಒದ್ದೆ ಕೈಯಿಂದ ಮುಟ್ಟಬಾರದು. ಸಿಡಿಲಿನ ಹೊತ್ತಿನಲ್ಲಿ ಯಾವ ಪರೀಕ್ಷೆಯನ್ನೂ ಮಾಡಬಾರದು. ಸಹಾಯವಾಣಿಯ ಸಂಖ್ಯೆಯನ್ನು ಬಿಲ್ಲಿನಿಂದ ಅಥವಾ ಸೇವಾದಾರರ ಅಧಿಕೃತ ಆ್ಯಪಿನಿಂದ ಮಾತ್ರ ತೆಗೆದುಕೊಳ್ಳಬೇಕು. ಸರಿಪಡಿಸಿಕೊಡುವ ನೆಪದಲ್ಲಿ ಒ.ಟಿ.ಪಿ. ಕೇಳುವವರನ್ನೂ ಮೊಬೈಲನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಲು ಹೇಳುವವರನ್ನೂ ನಂಬಬಾರದೆಂದು ಮಕ್ಕಳ ಮೂಲಕ ಮನೆಯವರಿಗೆ ತಿಳಿಸಬೇಕು.

ಎಲ್ಲ ಪ್ರಯತ್ನಗಳ ಬಳಿಕವೂ ಕೆಲವು ಮನೆಗಳಿಗೆ ವೀಡಿಯೊ ತಲುಪದು. ಅಂತಹ ಮಕ್ಕಳಿಗೆ ಬೇರೆ ದಾರಿಯನ್ನು ಮೊದಲೇ ಯೋಚಿಸಬೇಕು. ಅಧ್ಯಾಪಕರೇ ಸಿದ್ಧಪಡಿಸಿದ ಪಾಠವಾದರೆ ಪೆನ್‌ಡ್ರೈವಿನಲ್ಲಿ ಕೊಡಬಹುದು, ಹಲವು ಟಿ.ವಿ.ಗಳು ಅದನ್ನು ನೇರವಾಗಿ ಓಡಿಸುತ್ತವೆ. ಇತರ ಪಾಠಗಳನ್ನು ಬಿಡುವಿನ ವೇಳೆಯಲ್ಲಿ ಶಾಲೆಯಲ್ಲಿಯೇ ತೋರಿಸಬಹುದು. ಪಾಠದ ಕೊಂಡಿಯೊಂದಿಗೆ ಒಂದು ಪುಟದ ಕನ್ನಡ ಸಾರಾಂಶವನ್ನೂ ಕೊಟ್ಟರೆ ವೀಡಿಯೊ ನೋಡಲಾಗದ ಮಗು ತೀರಾ ಹಿಂದೆ ಬೀಳುವುದಿಲ್ಲ.

ತರಗತಿಗೊಂದು ‘ತೊಡಕಿನ ಪುಸ್ತಕ’ ಇಡುವುದು ಉಪಯುಕ್ತ. ದಿನಾಂಕ, ಪಾಠ, ಕಂಡ ಲಕ್ಷಣ, ಮಾಡಿದ ಒಂದು ಬದಲಾವಣೆ, ಫಲಿತಾಂಶ ಎಂಬ ಐದು ಅಂಕಣಗಳು ಸಾಕು. ಎರಡು ತಿಂಗಳಲ್ಲಿ ಆ ಪುಸ್ತಕವೇ ಅಧ್ಯಾಪಕರಿಗೆ ಹಲವು ವಿಷಯಗಳನ್ನು ಹೇಳುತ್ತದೆ: ಯಾವ ಗುಣಮಟ್ಟದಲ್ಲಿ ನೋಡಲು ಸೂಚಿಸಬೇಕು, ಯಾವ ಊರಿನ ಮಕ್ಕಳಿಗೆ ಸಂಜೆಯ ಹೊತ್ತು ಕಷ್ಟ, ಯಾರಿಗೆ ಶಾಲೆಯಲ್ಲಿಯೇ ತೋರಿಸಬೇಕು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಸೌಲಭ್ಯ ಕೇಳುವಾಗಲೂ “ನಮ್ಮ ಕಡೆ ನೆಟ್ ಸರಿಯಿಲ್ಲ” ಎಂಬ ಮಾತಿಗಿಂತ ಆ ಪುಸ್ತಕದ ಪುಟಗಳಿಗೆ ತೂಕ ಹೆಚ್ಚು.

ಮೌಲ್ಯಮಾಪನ

1. ಟಿ.ವಿ.ಯಲ್ಲಿ ಪಾಠ ನಿಲ್ಲುತ್ತದೆ. ಅದೇ ವೈಫೈಯಲ್ಲಿ ಮೊಬೈಲಿನಲ್ಲಿ ಚೆನ್ನಾಗಿ ಓಡುತ್ತದೆ. ದೋಷ ಯಾವ ಹಂತಗಳಲ್ಲಿ ಇರಲಾರದು? ಕಾರಣ ಸಹಿತ ಬರೆಯಿರಿ.
2. ಧ್ವನಿ ಸರಾಗವಾಗಿದ್ದು ಚಿತ್ರ ತಡೆಯುತ್ತಿರುವ ಮನೆಯವರು ಹೆಚ್ಚಿನ ವೇಗದ ಪ್ಯಾಕ್ ಹಾಕಿಸಲು ಹೊರಟಿದ್ದಾರೆ. ಅವರಿಗೆ ಯಾವ ಸಲಹೆ ಕೊಡುವಿರಿ?
3. 720ಪಿ ಗುಣಮಟ್ಟದಲ್ಲಿ 40 ನಿಮಿಷಗಳ ಪಾಠಕ್ಕೆ ಗರಿಷ್ಠ ಎಷ್ಟು ದತ್ತಾಂಶ ಬೇಕಾಗಬಹುದು? (ಉತ್ತರ: 750 ಮೆಗಾಬೈಟ್)
4. ಸುರಂಗದ ತೊಟ್ಟಿ ಮತ್ತು ಬಫರ್ ಇವುಗಳ ನಡುವಿನ ಎರಡು ಹೋಲಿಕೆಗಳನ್ನೂ ಒಂದು ವ್ಯತ್ಯಾಸವನ್ನೂ ತಿಳಿಸಿ.
5. ನೆರೆಹೊರೆಯ ನಾಲ್ಕು ಮನೆಗಳಲ್ಲಿ ಬೇರೆ ಬೇರೆ ಸೇವಾದಾರರಿದ್ದರೂ ಒಂದೇ ಆ್ಯಪ್ ಒಂದೇ ಹೊತ್ತಿಗೆ ನಿಂತಿದೆ. ಮನೆಯವರು ಮೊದಲು ಏನು ಮಾಡಬೇಕು, ಏನು ಮಾಡಬಾರದು?